ಟ್ರಸ್ಕಾಟ್ ತೋಪಿನ ಹದಿನೇಳನೇ ಮನೆ

ಓವಾಸೊ, ಮಿಶಿಗನ್
ಮಾರ್ಚ್ 9, 1972

ಮಾನ್ಯ ಶ್ರೀಮತಿ ಲಿಯೋನಾ ಟಟಲ್ ಅವರಿಗೆ,

ನನ್ನ ನೆನಪು ನಿಮಗೆ ಇದೆಯೋ ಇಲ್ಲವೋ. ಪಾದ್ರಿ ಲೈಮನ್ ಹೋಲ್‌ಕಂಬ್ ಅವರ ಮಗಳು ವರ್ನಾ ನಾನು. ಚಿಕ್ಕವರಿದ್ದಾಗ ನಾಲ್ಕೈದು ಬೇಸಿಗೆ ಟ್ರಸ್ಕಾಟ್ ತೋಪಿನಲ್ಲಿ ಜೊತೆಗೆ ಆಡಿದ್ದೆವು. ನಿಮ್ಮ ಈಗಿನ ವಿಳಾಸವನ್ನು ನಿಮ್ಮ ಸೋದರತ್ತೆಯ ಮನೆಯವರು ಕೊಟ್ಟರು.

ಬರುವ ಆಗಸ್ಟಿಗೆ, ಪ್ರತಿ ಬೇಸಿಗೆ ತೋಪಿನಲ್ಲಿ ಸೇರುವ ನಮ್ಮ ಚರ್ಚಿನ ಶಿಬಿರ ಕೂಟಕ್ಕೆ ನೂರು ವರ್ಷ. ತೋಪಿನ ಹಳೆಯ ಕಾಟೇಜುಗಳಿಗೆಲ್ಲ ಒಂದೊಂದು ಹಿತ್ತಾಳೆ ಫಲಕ ಹಾಕಬೇಕೆಂದು ಸಂಘ ತೀರ್ಮಾನಿಸಿದೆ. ಮನೆ ಕಟ್ಟಿದವರ ಹೆಸರು, ಕಟ್ಟಿದ ವರ್ಷ, ಅಷ್ಟೇ. ಸಮಿತಿಯ ಕಾರ್ಯದರ್ಶಿ ನಾನೇ. ಹದಿನೇಳನೇ ಮನೆಯನ್ನು ನಿಮ್ಮ ಮುತ್ತಜ್ಜ ಕಟ್ಟಿದ್ದೆಂದು ಕೇಳಿದ್ದೇನೆ, ಆದರೆ ಅವರ ಪೂರ್ತಿ ಹೆಸರು ಕಡತದಲ್ಲಿಲ್ಲ. ಸಾಧ್ಯವಾದರೆ ತಿಳಿಸಿ. ಹಳೆಯ ಫೋಟೊ ಇದ್ದರೆ ಪ್ರತಿ ಮಾಡಿಸಿಕೊಂಡು ಹಿಂತಿರುಗಿಸುತ್ತೇವೆ.

ಈಗ ಆ ಮನೆಯಲ್ಲಿ ಬೇಸಿಗೆಯ ಹೊತ್ತು ನಾನು ಇರುತ್ತೇನೆ. ಚೆನ್ನಾಗಿ ಇಟ್ಟುಕೊಂಡಿದ್ದೇನೆ.

ಬಿಡುವಿಲ್ಲದಿದ್ದರೆ ಉತ್ತರಿಸಲೇಬೇಕೆಂದಿಲ್ಲ.

ನಿಮ್ಮ,
ವರ್ನಾ ಹೋಲ್‌ಕಂಬ್


ಸ್ಪೋಕೇನ್, ವಾಷಿಂಗ್ಟನ್
ಮಾರ್ಚ್ 27, 1972

ಪ್ರೀತಿಯ ವರ್ನಾ,

ನನಗೆ 'ನೀವು' ಅಂತ ಬರೆದಿದ್ದೀಯಲ್ಲ, ಮಾರಾಯ್ತಿ. ನನ್ನ ಜಡೆಗೆ ಅಂಟುಮಿಠಾಯಿ ಮೆತ್ತಿ ಆಮೇಲೆ ಕತ್ತರಿಯಲ್ಲಿ ಕತ್ತರಿಸಿದವಳು ನೀನು. ಅಂಥವಳ ಹತ್ತಿರ 'ಮಾನ್ಯ ಶ್ರೀಮತಿ' ಅನ್ನಿಸಿಕೊಳ್ಳಲು ನಗು ಬರುತ್ತದೆ.

ಮುತ್ತಜ್ಜನ ಹೆಸರು ಎಲ್ಕಾನಾ ಸ್ಪ್ರೇಗ್. ಮೊದಲ ವರ್ಷ ಅವರು ಡೇರೆ ಹಾಕಿಕೊಂಡಿದ್ದರಂತೆ. ಒಂದು ವಾರ ಮಳೆ ಹೊಡೆದು ಹಾಸಿಗೆ ಎಲ್ಲ ನೆನೆದು, ಮಾರನೆಯ ವರ್ಷ, 1873ರಲ್ಲಿ, ಡೇರೆ ಇದ್ದ ಜಾಗದಲ್ಲೇ ಅದೇ ಅಳತೆಗೆ ಮನೆ ಎಬ್ಬಿಸಿದರು. ಅದಕ್ಕೇ ಅಷ್ಟು ಇಕ್ಕಟ್ಟು. ಸೂರಿನಂಚಿನ ಮರದ ಕುಸುರಿ ಮಾತ್ರ ನಮ್ಮಪ್ಪನದು. ಕುರ್ಚಿ ಕಾರ್ಖಾನೆಯಲ್ಲಿ ದಿನವಿಡೀ ಕೆಲಸ ಮಾಡಿ ಬಂದು ಸಂಜೆ ಕೂತು ಕೊರೆಯುತ್ತಿದ್ದರು. ಒಂದೊಂದು ಹಲಗೆಗೂ ನಾನು ಮರಳುಕಾಗದ ಉಜ್ಜಿದ್ದೇನೆ.

ಈಗ ನಿನ್ನಲ್ಲಿ ಒಂದು ಕೇಳಿಕೆ. ನಮ್ಮ ಹೆಸರು ಹಾಕಬೇಡ. ಕಟ್ಟಿದ ವರ್ಷ ಮಾತ್ರ ಹಾಕು, ಸಾಕು. 1937ರಲ್ಲಿ ನಮ್ಮಪ್ಪ ಏನು ಮಾಡಿದರು ಅನ್ನುವುದು ಅಲ್ಲಿರುವ ಹಳಬರಿಗೆಲ್ಲ ಗೊತ್ತು. ಆ ಹೆಸರು ಹಿತ್ತಾಳೆಯಲ್ಲಿ ಹೊಳೆಯುತ್ತಿದ್ದರೆ ಜನ ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡಿಕೊಳ್ಳುತ್ತಾರೆ. ಪವಿತ್ರವಾದ ಜಾಗಕ್ಕೆ ನಮ್ಮಿಂದ ಕಳಂಕ ಬಂತು. ಅಪ್ಪನ ಪರವಾಗಿ ನಿನ್ನ ಹತ್ತಿರ, ಸಂಘದ ಹತ್ತಿರ ಕ್ಷಮೆ ಕೇಳಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೆ. ಈಗ ಕೇಳುತ್ತಿದ್ದೇನೆ.

ನಿನ್ನಪ್ಪ ದೊಡ್ಡ ಮನಸ್ಸಿನವರು. ನಾವು ಸಾಮಾನು ಹೇರಿಕೊಂಡು ಹೊರಟಾಗ ನಮ್ಮಪ್ಪನ ಕೈ ಕುಲುಕಿದವರು ಅವರೊಬ್ಬರೇ. ಯಾರಿಗೂ ಬೇಡವಾದ ಮನೆಯನ್ನು ಕೊಂಡು ಉಪಕಾರ ಮಾಡಿದವರೂ ಅವರೇ. ಅಮ್ಮ ಈಗಲೂ ಆ ಮಾತು ಹೇಳುತ್ತಾಳೆ. ಅವಳಿಗೆ ಎಪ್ಪತ್ತೊಂಬತ್ತು. ನನ್ನ ಜೊತೆಯಲ್ಲೇ ಇದ್ದಾಳೆ.

ನಿನ್ನ,
ಲಿಯೋನಾ


ಓವಾಸೊ
ಏಪ್ರಿಲ್ 8, 1972

ಪ್ರೀತಿಯ ಲಿಯೋನಾ,

ಉತ್ತರ ಬರೆದದ್ದಕ್ಕೆ ಕೃತಜ್ಞತೆಗಳು. ಎಲ್ಕಾನಾ ಸ್ಪ್ರೇಗ್, 1873, ಎರಡನ್ನೂ ಬರೆದುಕೊಂಡಿದ್ದೇನೆ.

ನೀನು ಕ್ಷಮೆ ಕೇಳಬೇಕಾದ್ದು ಏನೂ ಇಲ್ಲ. ದಯವಿಟ್ಟು ಇನ್ನೊಮ್ಮೆ ಆ ಮಾತು ಬರೆಯಬೇಡ. ಅದೆಲ್ಲ ಬಹಳ ಹಳೆಯದು. ಸಂಘದ ಆಗಿನ ಟ್ರಸ್ಟಿಗಳಲ್ಲಿ ಈಗ ಬದುಕಿರುವವರು ಯಾರೂ ಇಲ್ಲ. ಅಪ್ಪ ಹೋಗಿಯೇ ಹದಿಮೂರು ವರ್ಷವಾಯಿತು. ಫಲಕದ ಮೇಲೆ ಸ್ಪ್ರೇಗ್ ಹೆಸರು ಇರಲೇಬೇಕೆಂಬುದು ನನ್ನ ಅಭಿಪ್ರಾಯ.

ಸೂರಿನ ಕುಸುರಿ ಒಂದೇ ಒಂದು ಕಡೆ ಮುರಿದಿತ್ತು, ಹೋದ ವರ್ಷ ಸರಿಮಾಡಿಸಿದೆ. ಬಣ್ಣ ಮಾತ್ರ ಬದಲಾಗಿದೆ. ನಿಮ್ಮ ಕಾಲದ ಹಳದಿಯನ್ನು ಅಪ್ಪ ಬಂದ ವರ್ಷವೇ ಬಿಳಿ ಮಾಡಿಸಿದರು. ಈ ವರ್ಷ ಪೀಚ್ ಮರಗಳಿಗೆ ಹಿಮ ಹೊಡೆದಿದೆ. ನೂರನೇ ವರ್ಷದ ಊಟಕ್ಕೆ ಐಸ್‌ಕ್ರೀಮು ಬೇರೆ ಯಾವ ಹಣ್ಣಿನಲ್ಲಿ ಮಾಡುವುದೆಂದು ಹೆಂಗಸರ ಸಭೆಯಲ್ಲಿ ಎರಡು ಗಂಟೆ ಚರ್ಚೆಯಾಯಿತು.

ನಿನ್ನ ಅಮ್ಮನಿಗೆ ನಮಸ್ಕಾರ ಹೇಳು.

ವರ್ನಾ


ಸ್ಪೋಕೇನ್
ಏಪ್ರಿಲ್ 20, 1972

ಪ್ರೀತಿಯ ವರ್ನಾ,

ನೀನು ಆ ಮಾತು ಬೇಡ ಅಂದಿದ್ದು ನನ್ನ ಮನಸ್ಸು ನೋಯಬಾರದು ಅಂತ. ಗೊತ್ತು. ಆದರೆ ಇದನ್ನು ಹೇಳಿಕೊಳ್ಳಲು ನನಗೆ ಬೇರೆ ಯಾರೂ ಇಲ್ಲ. ಗಂಡನಿಗೆ ಹೇಳಿಲ್ಲ, ಮಕ್ಕಳಿಗೂ ಹೇಳಿಲ್ಲ. 'ನಿಮ್ಮಜ್ಜ ಕುರ್ಚಿ ಮಾಡುತ್ತಿದ್ದರು' ಅಂತ ಅಷ್ಟೇ ಹೇಳಿ ಮುಗಿಸುತ್ತೇನೆ.

ಕೂಟದ ವೇದಿಕೆಯಿಂದ ಅಪ್ಪನ ಹೆಸರು ಓದಿದ ದಿನ ನಾನು ಮೂರನೇ ಬೆಂಚಿನಲ್ಲಿದ್ದೆ. 'ಆರಿನ್ ಸ್ಪ್ರೇಗ್, ತೋಪಿನೊಳಗೆ ಮದ್ಯ ಇಟ್ಟುಕೊಂಡದ್ದಕ್ಕಾಗಿ.' ಅಷ್ಟೇ ಓದಿದ್ದು. ಊರಿಗೆ ಹೋದ ಮೇಲೆ ಚರ್ಚಿನ ಭಾನುವಾರ ಶಾಲೆಯ ಮೇಲ್ವಿಚಾರಣೆ ಅವರಿಂದ ಕಿತ್ತುಕೊಂಡರು. ಅಮ್ಮ ಅವತ್ತಿನಿಂದ ಅಪ್ಪ ಕೆಲಸದಿಂದ ಬಂದ ತಕ್ಷಣ ಹತ್ತಿರ ಹೋಗಿ ಬಾಯಿ ಮೂಸುತ್ತಿದ್ದಳು. ಅಪ್ಪ ಟೋಪಿ ತೆಗೆದು, ಬಗ್ಗಿ, ಬಾಯಿ ತೆರೆಯುತ್ತಿದ್ದರು. ನಾವು ಮಕ್ಕಳು ಊಟದ ಮೇಜಿನಿಂದ ನೋಡುತ್ತಿದ್ದೆವು. 1948ರಲ್ಲಿ ಅವರು ಸಾಯುವ ತನಕ, ಹನ್ನೊಂದು ವರ್ಷ, ಒಂದು ದಿನವೂ ತಪ್ಪದೆ.

ನನಗೆ ಅವರು ಒಂದೇ ಒಂದು ಸಲ ಹೇಳಿದ್ದು. 'ಲಿಯೋನಾ, ಅದು ನನ್ನದಲ್ಲಮ್ಮ.' ನಾನು ಹದಿಮೂರರ ಹುಡುಗಿ, ಏನಂದೆ ಗೊತ್ತಾ? 'ಸುಳ್ಳು ಹೇಳಬೇಡಿ ಅಪ್ಪ. ವರ್ನಾ ನೋಡಿದಾಳಂತೆ.' ಆಮೇಲೆ ಅವರು ಮತ್ತೆ ಆ ಮಾತು ಎತ್ತಲಿಲ್ಲ.

ನಿನ್ನ ಮೇಲೆ ನನಗೆ ಎಂದೂ ಸಿಟ್ಟಿರಲಿಲ್ಲ ವರ್ನಾ. ಕೇಳಿದರು, ಕಂಡದ್ದು ಹೇಳಿದೆ. ಅಷ್ಟು ಚಿಕ್ಕ ಹುಡುಗಿಗೆ ಅಂಥದ್ದು ಕಣ್ಣಿಗೆ ಬಿತ್ತಲ್ಲ ಅಂತ ನನಗೇ ಸಂಕೋಚ. ಒಂದೇ ಒಂದು ವಿಷಯ ತಿಳಿದುಕೊಳ್ಳಬೇಕು. ಅಪ್ಪ ಹೇಗೆ ಕೂತಿದ್ದರು? ಜಗಲಿಯ ಮೇಲೋ ಒಳಗೋ? ಒಬ್ಬರೇ ಇದ್ದರಾ? ಅವರ ಮುಖದಲ್ಲಿ ಏನಾದರೂ ದುಃಖ ಇತ್ತಾ? ಯಾಕೆ ಕುಡಿದರು ಅಂತ ಇಷ್ಟು ವರ್ಷ ಯೋಚಿಸಿ ಸಾಕಾಗಿದೆ. ನೀನು ಕಂಡದ್ದನ್ನು ಇದ್ದ ಹಾಗೇ ಬರೆ.

ನಿನ್ನ,
ಲಿಯೋನಾ


ಟ್ರಸ್ಕಾಟ್ ತೋಪು
ಮೇ 30, 1972

ಲಿಯೋನಾ,

ನಿನ್ನ ಕಾಗದ ಬಂದು ಐದು ವಾರ ಆಗಿದೆ. ನಾಲ್ಕು ಸಲ ಬರೆದು ಹರಿದಿದ್ದೇನೆ. ಹರಿದ ನಾಲ್ಕರಲ್ಲೂ ನಾನು ಆಗ ಹನ್ನೆರಡು ವರ್ಷದ ಹುಡುಗಿ ಅನ್ನುವ ಮಾತು ಮೊದಲ ಸಾಲಿನಲ್ಲೇ ಬಂದಿತ್ತು. ಅದಕ್ಕೇ ಹರಿದೆ.

ನಾನು ಏನೂ ನೋಡಲಿಲ್ಲ. ನಿನ್ನಪ್ಪ ಕುಡಿಯುತ್ತಿರಲಿಲ್ಲ. ಬಾಟಲಿ ನಮ್ಮಪ್ಪನದು.

ಆ ಬೇಸಿಗೆ ನಾವು ನಿಮ್ಮ ಪಕ್ಕದ ಪಾದ್ರಿಗಳ ವಸತಿಯಲ್ಲಿದ್ದೆವು, ನೆನಪಿದೆಯಲ್ಲ. ಅಪ್ಪ ಚರ್ಚಿನಲ್ಲಿ ಮಾಡುವ ಪ್ರಸಂಗದ ಕಾಗದಗಳ ಪೆಟ್ಟಿಗೆಯಲ್ಲಿ, ಕಾಗದದ ಅಡಿಗೆ, ಬಾಟಲಿ ಇರುತ್ತದೆಂದು ನನಗೆ ಮೊದಲೇ ಗೊತ್ತಿತ್ತು. ಅಮ್ಮನಿಗೂ ಗೊತ್ತಿದ್ದಿರಬೇಕು. ಮನೆಯಲ್ಲಿ ಯಾರೂ ಆ ಪೆಟ್ಟಿಗೆಯ ಧೂಳು ಒರೆಸುತ್ತಿರಲಿಲ್ಲ. ತೋಪಿನಲ್ಲಿ ಯಾರೋ ಮದ್ಯ ತಂದಿದ್ದಾರೆಂದು ಸುದ್ದಿಯಾಗಿ, ಆ ಬೆಳಿಗ್ಗೆ ತೋಪಿನ ಮೇಲ್ವಿಚಾರಕ ಡನಿಂಗ್ ಒಂದನೇ ಮನೆಯಿಂದ ಹುಡುಕುತ್ತ ಬಂದರು. ಅಪ್ಪ ಪ್ರಾರ್ಥನಾ ಮಂಟಪದಲ್ಲಿ ಪ್ರಸಂಗ ಮಾಡುತ್ತಿದ್ದರು. ಅವರ ದನಿ ನಮ್ಮ ಕಿಟಕಿಗೆ ಕೇಳುತ್ತಿತ್ತು. ನಾನು ಬಾಟಲಿಯನ್ನು ಏಪ್ರನ್ನಿನಲ್ಲಿ ಸುತ್ತಿ, ನಿಮ್ಮ ಜಗಲಿಯ ಕೆಳಗಿನ ಜಾಲರಿ ಸಡಿಲಿಸಿ ಒಳಗೆ ತಳ್ಳಿದೆ. ಆ ಸಂದು ನಾನೂ ನೀನೂ ಗೊಂಬೆ ಬಚ್ಚಿಡುತ್ತಿದ್ದದ್ದು. ನಿಮ್ಮ ಮನೆಯನ್ನು ಹುಡುಕುವುದಿಲ್ಲ ಅಂದುಕೊಂಡೆ. ಬ್ರದರ್ ಸ್ಪ್ರೇಗ್ ಎಂದರೆ ಡನಿಂಗ್‌ಗೆ ಅಷ್ಟು ಗೌರವವಿತ್ತು. ಅವರು ಹುಡುಕಿದರು.

ಇಷ್ಟು ಹೆದರಿಕೆಯಿಂದ ಮಾಡಿದ್ದು. ಮುಂದಿನದಕ್ಕೆ ಆ ನೆವವೂ ಇಲ್ಲ. ಜಗಲಿಯ ಹತ್ತಿರ ನನ್ನನ್ನು ಯಾರೋ ನೋಡಿದ್ದರು. ಟ್ರಸ್ಟಿಗಳು ಕಚೇರಿಗೆ ಕರೆಸಿ, 'ಮಗು, ಏನಾದರೂ ಕಂಡೆಯಾ?' ಎಂದು ಮೆತ್ತಗೆ ಕೇಳಿದರು. ಅಪ್ಪ ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂತಿದ್ದರು. ಬಾಟಲಿ ಮೇಜಿನ ಮೇಲಿತ್ತು, ಅಪ್ಪ ಅದನ್ನು ನೋಡಿದ್ದರು. 'ಮಿಸ್ಟರ್ ಸ್ಪ್ರೇಗ್ ಕುಡೀತಿದ್ರು' ಎಂದೆ. ಅಪ್ಪ ನನ್ನ ಮುಖ ನೋಡಿದರು. ಆಮೇಲೆ ಉಳಿದವರ ಕಡೆ ತಿರುಗಿ, 'ನನ್ನ ಮಗಳು ಸುಳ್ಳು ಹೇಳುವವಳಲ್ಲ' ಎಂದರು.

ಆ ಶರತ್ಕಾಲದಲ್ಲಿ ನಿಮ್ಮ ಮನೆ ನಮ್ಮದಾಯಿತು. ನಾನೂ ಅಪ್ಪನೂ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ, ಅವರು ಸಾಯುವ ದಿನದವರೆಗೂ. ಅವರು ಆಮೇಲೆ ಕುಡಿಯಲಿಲ್ಲ. ಅದೊಂದು ಒಳ್ಳೆಯದಾಯಿತಲ್ಲ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ.

ಹನ್ನೆರಡರ ಹುಡುಗಿಗೆ ತಿಳಿಯಲಿಲ್ಲ ಅನ್ನೋಣ. ಇಪ್ಪತ್ತೆರಡಕ್ಕೆ ತಿಳಿದಿತ್ತು. ನಿನ್ನಪ್ಪ ಆಗ ಬದುಕಿದ್ದರು, ವಿಳಾಸವೂ ಗೊತ್ತಿತ್ತು. ಈಗ ನಲವತ್ತೇಳು. ಮಾರ್ಚಿನಲ್ಲಿ ನಿನಗೆ ಬರೆದದ್ದು ಕೂಡ ಸಮಿತಿ ಒತ್ತಾಯ ಮಾಡಿತೆಂದು. ಉತ್ತರ ಬರದಿರಲಿ ಎಂದು ಬೇಡಿಕೊಂಡೇ ಅಂಚೆಗೆ ಹಾಕಿದ್ದು.

ವರ್ನಾ


ಟ್ರಸ್ಕಾಟ್ ತೋಪು
ಜೂನ್ 26, 1972

ಲಿಯೋನಾ,

ನಿನ್ನಿಂದ ಏನೂ ಬರಲಿಲ್ಲ. ಬರಬೇಕೆಂದು ಕೇಳುವ ಹಕ್ಕು ನನಗಿಲ್ಲ. ಕಾಗದ ಕಳೆದುಹೋಯಿತೇನೋ ಎಂದು ಎರಡು ದಿನ ಆಸೆಪಟ್ಟೆ, ಅದನ್ನೂ ಹೇಳಿಬಿಡುತ್ತೇನೆ.

ಮನೆಯನ್ನು ನಿನ್ನ ಹೆಸರಿಗೆ ಮಾಡಿಕೊಡುತ್ತೇನೆ. ಮನೆ ನನ್ನದು, ನೆಲ ಸಂಘದ್ದು. ಗುತ್ತಿಗೆ ಬದಲಾಯಿಸಲು ಟ್ರಸ್ಟಿಗಳ ಒಪ್ಪಿಗೆ ಬೇಕು. ಕಾರಣವನ್ನು ಅಧ್ಯಕ್ಷರೊಬ್ಬರಿಗೆ ಗುಟ್ಟಾಗಿ ಹೇಳಿದರೆ ಸಾಕಾಗುತ್ತದೆ. ಹೀಗೆ ಮಾಡಿದರೆ ಯಾರಿಗೂ ನೋವಾಗದೆ ಮುಗಿಯುತ್ತದೆ. ಅಪ್ಪನ ಕೈಯಲ್ಲಿ ದೀಕ್ಷಾಸ್ನಾನ ಪಡೆದವರು, ಮದುವೆಯಾದವರು ಇಲ್ಲಿ ನೂರಾರು ಜನ ಇದ್ದಾರೆ. ಅವರ ವಿಷಯವೂ ಇದೆಯಲ್ಲ.

ಒಪ್ಪಿಗೆಯೇ ಎಂದು ಒಂದು ಸಾಲು ಬರೆ.

ವರ್ನಾ


ಸ್ಪೋಕೇನ್
ಜುಲೈ 5, 1972

ಮಿಸ್ ಹೋಲ್‌ಕಂಬ್ ಅವರಿಗೆ,

ನಿಮ್ಮ ಎರಡೂ ಕಾಗದ ತಲುಪಿವೆ.

ಮನೆ ನನಗೆ ಬೇಡ. ಮನೆ ಕೊಟ್ಟು ಬಾಯಿ ಮುಚ್ಚಿಸುವ ಈ ಉಪಾಯ ನಿಮಗೆ ಎಷ್ಟು ದಿನ ಯೋಚಿಸಿದ ಮೇಲೆ ಹೊಳೆಯಿತೋ. 'ಯಾರಿಗೂ ನೋವಾಗದೆ' ಅಂತ ಬರೆದಿದ್ದೀರಿ. ನೂರಾರು ಜನರ ಪಟ್ಟಿಯಲ್ಲಿ ನಮ್ಮಪ್ಪನ ಹೆಸರು ಇತ್ತೋ ಇಲ್ಲವೋ?

ನಿಮ್ಮ ಮೇಲೆ ಕೂಗಾಡಿ ಮೂರು ಕಾಗದ ಬರೆದೆ. ಅಂಚೆಗೆ ಹಾಕಲಿಲ್ಲ. ಯಾಕೆಂದರೆ ಕೊನೆಗೆ ಬಂದು ನಿಲ್ಲುವುದು ನನ್ನ ಹತ್ತಿರವೇ. ನೀವು ಸುಳ್ಳು ಹೇಳಿದ್ದು ಒಂದು ದಿನ. ಅದನ್ನು ನಾನು ನಂಬಿದ್ದು ಮೂವತ್ತೈದು ವರ್ಷ. ನೀವು ಪಕ್ಕದ ಮನೆಯ ಹುಡುಗಿ, ಅವರು ನನ್ನ ಅಪ್ಪ. ನನ್ನ ಮದುವೆಯ ದಿನ ಶಾಂಪೇನ್ ಲೋಟ ಅವರ ಮುಂದೆ ಬಂದಾಗ ನಾನೇ ಎದ್ದು ಹೋಗಿ ತೆಗೆದಿಟ್ಟೆ, ಎಲ್ಲರೂ ನೋಡುವ ಹಾಗೆ. ಅವರು ನೀರಿನ ಲೋಟ ಎತ್ತಿ ಹಿಡಿದು ನಗುತ್ತಾ ಕೂತಿದ್ದರು. ಆ ನಗುವನ್ನು ನಾನು ಕಳ್ಳನ ನಗು ಅಂದುಕೊಂಡಿದ್ದೆ.

ಅಮ್ಮನಿಗೆ ಇನ್ನೂ ಹೇಳಿಲ್ಲ. ನಿಮ್ಮ ಕಾಗದ ನನ್ನ ಹೊಲಿಗೆ ಪೆಟ್ಟಿಗೆಯಲ್ಲಿದೆ. 'ಯಾರದು ಕಾಗದ?' ಅಂದಳು. 'ಔಷಧಿ ಅಂಗಡಿಯವರದು' ಅಂದೆ. ಸುಳ್ಳು ಎಷ್ಟು ಸಲೀಸು ಅಂತ ನನಗೂ ಗೊತ್ತಾಯಿತು.

ನಮ್ಮಪ್ಪನ ಹೆಸರು ಓದಿದ್ದು ವೇದಿಕೆಯಿಂದ, ಎಲ್ಲರ ಮುಂದೆ. ಅಧ್ಯಕ್ಷರ ಕಿವಿಯಲ್ಲಿ ಅಲ್ಲ. ಎಲ್ಲಿ ಓದಿದರೋ ಅಲ್ಲೇ ಹೇಳಿ. ನಿಮ್ಮಪ್ಪನ ಹೆಸರನ್ನೂ ಸೇರಿಸಿ ಹೇಳಿ. ಅದು ಆಗುವವರೆಗೆ ನನಗೆ ಬರೆಯಬೇಡಿ.

ಲಿಯೋನಾ ಸ್ಪ್ರೇಗ್ ಟಟಲ್


ಟ್ರಸ್ಕಾಟ್ ತೋಪು
ಆಗಸ್ಟ್ 15, 1972

ಲಿಯೋನಾ,

ಭಾನುವಾರ ಹೇಳಿದೆ.

ಶನಿವಾರವೇ ಹೇಳಬೇಕಿತ್ತು. ಶನಿವಾರ ಫಲಕಗಳ ಕಾರ್ಯಕ್ರಮ, ಊರ ಪತ್ರಿಕೆಯವರು ಬಂದಿದ್ದರು, ನನಗೆ ಧೈರ್ಯ ಬರಲಿಲ್ಲ. ಹದಿನೇಳನೇ ಮನೆಯ ಮುಂದೆ ನಿಂತು, ಎಲ್ಕಾನಾ ಸ್ಪ್ರೇಗ್ ಹೆಸರು ಓದಿ, ಚಪ್ಪಾಳೆ ತಟ್ಟಿಸಿಕೊಂಡು ಬಂದೆ. 'ಹೋಲ್‌ಕಂಬ್‌ನವರು ಈ ಮನೆ ಉಳಿಸಿಕೊಂಡು ಬಂದಿರುವ ರೀತಿ' ಎಂದು ಅಧ್ಯಕ್ಷರು ಹೊಗಳಿದರು. ನಾನು ಕೃತಜ್ಞತೆ ಹೇಳಿದೆ.

ಭಾನುವಾರ ಮಧ್ಯಾಹ್ನ ಸಾಕ್ಷಿ ಹೇಳುವ ಕೂಟ. ಆರೇಳು ಜನ ಎದ್ದು, ದೇವರು ತಮ್ಮನ್ನು ಹೇಗೆ ಕಾಪಾಡಿದನೆಂದು ಹೇಳಿ ಕೂತರು. ನಾನು ಬೆಂಚಿನಿಂದ ಮಾತಾಡದೆ ವೇದಿಕೆ ಹತ್ತಿದೆ. ಎಲ್ಲವನ್ನೂ ಹೇಳಿದೆ, ಪೆಟ್ಟಿಗೆ, ಏಪ್ರನ್, ಜಾಲರಿ, ಕಚೇರಿ. 'ಬಾಟಲಿ ನನ್ನ ತಂದೆ ಲೈಮನ್ ಹೋಲ್‌ಕಂಬ್ ಅವರದು' ಎಂದಾಗ ಹಿಂದಿನ ಸಾಲಿನಲ್ಲಿ ಯಾರೋ ಪುಸ್ತಕ ಬೀಳಿಸಿದರು. ಅಧ್ಯಕ್ಷರು ಎದ್ದು ಬಂದು ಮೊಣಕೈ ಹಿಡಿದರು.

'ಸಿಸ್ಟರ್ ಹೋಲ್‌ಕಂಬ್, ಬಿಸಿಲು ಜಾಸ್ತಿಯಾಗಿದೆ, ಸ್ವಲ್ಪ ಕೂತ್ಕೊಳ್ಳಿ.'

'ನಂಗೆ ಏನೂ ಆಗಿಲ್ಲ. ಇನ್ನೂ ಮುಗಿದಿಲ್ಲ' ಎಂದೆ.

'ಸತ್ತವರ ವಿಷಯ, ಇವತ್ತು ಬೇಕಾ?'

'ಸ್ಪ್ರೇಗ್ ಕೂಡ ಸತ್ತಿದ್ದಾರೆ.'

ಪಿಯಾನೊದವಳು ಏನು ಮಾಡಬೇಕೆಂದು ತೋಚದೆ ಕೀರ್ತನೆ ಶುರುಮಾಡಿದಳು. ಜನ ಎದ್ದು ನಿಂತು ಹಾಡತೊಡಗಿದರು. ನನ್ನ ಕೊನೆಯ ಮಾತು, ನಿನ್ನಪ್ಪನ ಹೆಸರಿನ ಮೇಲಿನ ತೀರ್ಪನ್ನು ಸಂಘ ಬರೆದು ರದ್ದು ಮಾಡಬೇಕು ಎಂಬುದು, ಹಾಡಿನಲ್ಲಿ ಮುಚ್ಚಿಹೋಯಿತು. ಹಾಡು ಮುಗಿಯುವವರೆಗೆ ನಿಂತಿದ್ದು ಮತ್ತೆ ಹೇಳಿದೆ. ಈ ಸಲ ಕೇಳಿಸಿತು.

ಡನಿಂಗ್ ಅವರ ಹೆಂಡತಿ ಇನ್ನೂ ಇದ್ದಾರೆ, ತೊಂಬತ್ತು ವರ್ಷ. ಹೊರಗೆ ಬಂದಾಗ ನನ್ನನ್ನು ನಿಲ್ಲಿಸಿ, 'ನಮ್ಮೆಜಮಾನ್ರು ಸಾಯೋವಾಗ್ಲೂ ಅಂತಿದ್ರು, ಆರಿನ್ ಅಂಥೋನಲ್ಲ, ನನ್ನ ಕೈಯಿಂದ ಏನೋ ತಪ್ಪಾಗಿದೆ ಅಂತ. ನಿನ್ನ ಮನೇಲಿ ಕೂತು ನಾನು ಎಷ್ಟು ಸಲ ಟೀ ಕುಡಿದೆ' ಎಂದರು. ಕೋಲೂರಿಕೊಂಡು ಹೋದರು.

ಅವತ್ತಿನಿಂದ ನನ್ನ ಮನೆಯ ಮುಂದೆ ಹೋಗುವವರು ದನಿ ತಗ್ಗಿಸುತ್ತಾರೆ. ನಾನು ನಡೆಸುತ್ತಿದ್ದ ಮಕ್ಕಳ ತರಗತಿಗೆ ಬೇರೆಯವರನ್ನು ನೇಮಿಸಿದ್ದಾರೆ. ಟ್ರಸ್ಟಿಗಳ ನಿರ್ಣಯದ ಪ್ರತಿ ಇದರ ಜೊತೆಗಿದೆ. ತೀರ್ಪು ರದ್ದಾಗಿದೆ, ಮೂರೇ ಸಾಲಿನಲ್ಲಿ. 'ವಿಷಾದ' ಎಂಬ ಪದ ಹಾಕಿಸಲು ಎರಡು ದಿನ ಹಿಡಿಯಿತು.

ನೀನಾಗಲಿ ನಿನ್ನ ಅಮ್ಮನಾಗಲಿ ಎಂದಾದರೂ ಮನೆ ನೋಡಬೇಕೆಂದರೆ ತಿಳಿಸು. ಕೀಲಿಯನ್ನು ಹದಿನೆಂಟನೇ ಮನೆಯಲ್ಲಿ ಕೊಟ್ಟು ನಾನು ಓವಾಸೊಗೆ ಹೋಗಿಬಿಡುತ್ತೇನೆ. ನನ್ನ ಮುಖ ನೀವು ನೋಡಬೇಕಾಗುವುದಿಲ್ಲ.

ವರ್ನಾ


ಸ್ಪೋಕೇನ್
ಸೆಪ್ಟೆಂಬರ್ 2, 1972

ವರ್ನಾ,

ಅಮ್ಮನಿಗೆ ಹೇಳಿದೆ. ಹೋದ ಮಂಗಳವಾರ, ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಗ. ಮೊದಲು ಟ್ರಸ್ಟಿಗಳ ಮೂರು ಸಾಲು ಓದಿದೆ. 'ಇದೇನು, ಯಾರ ಬಗ್ಗೆ?' ಅಂದಳು. ಆಮೇಲೆ ನಿನ್ನ ಮೇ ತಿಂಗಳ ಕಾಗದ ಓದಿದೆ, ಒಂದು ಅಕ್ಷರ ಬಿಡದೆ.

ಅಮ್ಮ ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ. 'ಹಾಗಾದ್ರೆ ನಾನು ದಿನಾ ಅವರ ಬಾಯಿ ಮೂಸಿದ್ದು...' ಅಂತ ಶುರುಮಾಡಿ ಅಲ್ಲಿಗೇ ನಿಲ್ಲಿಸಿದಳು. ಕೈಯಲ್ಲಿದ್ದ ಕಾಯಿ ಬಿಡಿಸಿ, 'ಒಂದಿನಾನೂ ಬೇಡ ಅನ್ಲಿಲ್ಲ ಕಣೆ. ಟೋಪಿ ತೆಗೆದು ಬಗ್ತಿದ್ರು' ಅಂದಳು. ಅವರೆಕಾಯಿ ಹಾಗೇ ಬಿಟ್ಟು ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಅವತ್ತು ಊಟಕ್ಕೆ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ನನ್ನ ಗಂಡ, ಮಕ್ಕಳು ಏನಾಯಿತು ಅಂತ ಕೇಳಿದರು. ಕೂರಿಸಿಕೊಂಡು ಎಲ್ಲ ಹೇಳಿದೆ. ನನ್ನ ಮದುವೆಯಲ್ಲಿ ಅಪ್ಪನ ಮುಂದಿನಿಂದ ಲೋಟ ತೆಗೆದಿಟ್ಟ ಕತೆಯನ್ನೂ ಹೇಳಿದೆ. ಮಗಳು ನನ್ನ ಮುಖ ನೋಡಿದ ರೀತಿ ನನಗೆ ಸಲ್ಲಬೇಕಾದದ್ದೇ.

ಗುರುವಾರ ಬೆಳಿಗ್ಗೆ ಅಮ್ಮ ಹೊರಗೆ ಬಂದಳು. ತಲೆ ಬಾಚಿ, ಚರ್ಚಿಗೆ ಹಾಕುವ ಟೋಪಿ ಹಾಕಿಕೊಂಡಿದ್ದಳು.

'ಟ್ರೇನು ಯಾವಾಗ ಇದೆ?'

'ಎಲ್ಲಿಗಮ್ಮ?'

'ಟ್ರಸ್ಕಾಟ್‌ಗೆ. ಇನ್ನೆಲ್ಲಿಗೆ.'

ಈ ವಯಸ್ಸಿನಲ್ಲಿ ಮೂರು ದಿನದ ಪ್ರಯಾಣ ಆಗುವುದಿಲ್ಲ ಅಂದೆ, ಡಾಕ್ಟರು ಬೈಯುತ್ತಾರೆ ಅಂದೆ. ಕಿವಿಗೇ ಹಾಕಿಕೊಳ್ಳಲಿಲ್ಲ. ನೀನು ಕೀಲಿ ಪಕ್ಕದ ಮನೆಯಲ್ಲಿ ಇಟ್ಟಿರುತ್ತೀಯಂತೆ, ಅಲ್ಲಿರುವುದಿಲ್ಲವಂತೆ ಅಂತ ಹೇಳಿದ್ದಕ್ಕೆ ಮಾತ್ರ ಸಿಟ್ಟು ಬಂತು.

'ಇರೋದಿಲ್ಲ ಅಂದ್ರೆ? ನಾನು ಕಳ್ಳಿ ಥರ ಬೀಗ ತೆಗೆದು ಒಳಗೆ ಹೋಗ್ಲಾ? ಅವಳೇ ತೆಗೀಬೇಕು ಬಾಗಿಲು. ಬರೆ ಅವಳಿಗೆ.'

ಅದಕ್ಕೇ ಬರೆಯುತ್ತಿದ್ದೇನೆ. ಅಮ್ಮ ಅಲ್ಲಿ ಏನು ಮಾಡುತ್ತಾಳೋ ನನಗೆ ಗೊತ್ತಿಲ್ಲ. ನಿನ್ನನ್ನು ಬೈಯಬಹುದು. ಏನೂ ಅನ್ನದೆ ಒಳಗೆ ಹೋಗಿ ಕೂರಬಹುದು. ಕ್ಷಮಿಸಲು ಬರುತ್ತಿದ್ದಾಳೆ ಅಂತ ತಿಳಿದುಕೊಳ್ಳಬೇಡ, ಹಾಗೆ ಅವಳು ಹೇಳಿಲ್ಲ. ನಾನೂ ಹೇಳುತ್ತಿಲ್ಲ. ಅಪ್ಪ ಕೊರೆದ ಕುಸುರಿಯ ಕೆಳಗೆ ನಿಲ್ಲಲು ನನಗೂ ಮುಖವಿಲ್ಲ ವರ್ನಾ. ಅಮ್ಮನ ಬೆನ್ನ ಹಿಂದೆ ನಿಂತಿರುತ್ತೇನೆ.

ಸೆಪ್ಟೆಂಬರ್ ಹದಿನಾರು, ಶನಿವಾರ, ಮಧ್ಯಾಹ್ನ ಮೂರರ ಸುಮಾರಿಗೆ ಬರುತ್ತೇವೆ. ನಿಲ್ದಾಣಕ್ಕೆ ಬರಬೇಡ. ಜಗಲಿಗೂ ಬರಬೇಡ. ಅಮ್ಮ ಬಡಿಯುತ್ತಾಳೆ, ನೀನು ತೆಗಿ.

ಲಿಯೋನಾ